ಹೆಣ್ಣುಮಕ್ಕಳ ತಿಂಗಳ ನೋವು

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಾಗಲಿ, ದೇವನಹಳ್ಳಿ ಹೊಸಕೋಟೆಗಳ ತೋಟದ ಮನೆಗಳಲ್ಲಾಗಲಿ, ಮುಟ್ಟಿನ ದಿನಗಳಲ್ಲಿ ಮಗಳೋ ಸೊಸೆಯೋ ಹೊಟ್ಟೆ ಹಿಡಿದು ಮಲಗಿದರೆ, “ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ” ಎಂದುಬಿಡುವುದು ವಾಡಿಕೆಯಾಗಿದೆ. ಅಲ್ಪಸ್ವಲ್ಪ ನೋವು ಸಹಜವೇ ಸರಿ. ಆದರೆ ಶಾಲೆಗೂ ಕೆಲಸಕ್ಕೂ ಹೋಗಲಾರದಂತೆ ಮಾಡುವ ನೋವು ಸಹಜವಲ್ಲ. ಅದರ ಹಿಂದೆ ವೈದ್ಯರು ‘ಎಂಡೋಮೆಟ್ರಿಯೋಸಿಸ್’ ಎಂದು ಕರೆಯುವ ರೋಗವಿರಬಹುದು. ಗೃಹಸ್ಥರೆಲ್ಲರೂ ಇದನ್ನು ತಿಳಿದಿರತಕ್ಕದ್ದು.

ಗರ್ಭಕೋಶದ ಒಳಮೈಯಲ್ಲಿ ಒಂದು ಪೊರೆಯುಂಟು. ಅದು ಪ್ರತಿ ತಿಂಗಳೂ ಬೆಳೆದು, ಗರ್ಭ ನಿಲ್ಲದಿದ್ದಲ್ಲಿ ರಕ್ತದೊಡನೆ ಕಳಚಿ ಹೊರಬೀಳುವುದು, ಇದೇ ಮುಟ್ಟು. ಈ ಪೊರೆಯನ್ನು ಹೋಲುವ ಪದಾರ್ಥವು ಗರ್ಭಕೋಶದ ಹೊರಗೆ, ಅಂಡಕೋಶ, ಗರ್ಭನಾಳ, ಕೆಲವೊಮ್ಮೆ ಕರುಳು, ಮೂತ್ರಕೋಶಗಳ ಮೇಲೆ ಬೆಳೆಯುವುದೇ ಈ ರೋಗ. ಅಲ್ಲಿ ಒಸರಿದ ರಕ್ತಕ್ಕೆ ಹೊರದಾರಿಯಿಲ್ಲದೆ ಉರಿಯೂತವುಂಟಾಗಿ, ಅವಯವಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಮುಟ್ಟಿನ ರಕ್ತವು ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹರಿಯುವುದೇ ಕಾರಣವೆಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಹೇಳಿದರು. ಆದರೆ ರೋಗವಿಲ್ಲದ ಅನೇಕರಲ್ಲಿಯೂ ಹಾಗೆ ಹರಿಯುವುದರಿಂದ ಅದೊಂದೇ ಕಾರಣವೆನ್ನುವಂತಿಲ್ಲ. ಹೆಣ್ಣಿನ ನಡತೆಯಾಗಲಿ, ಮಡಿಮೈಲಿಗೆಯ ಲೋಪವಾಗಲಿ ಇದಕ್ಕೆ ಕಾರಣವಲ್ಲವೆಂಬುದು ಮಾತ್ರ ನಿಶ್ಚಯ.

ಇದು ಅಪರೂಪದ ಬೇನೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹೆರುವ ವಯಸ್ಸಿನ 100 ಸ್ತ್ರೀಯರಲ್ಲಿ ಸುಮಾರು 10 ಮಂದಿಗೆ ಇದುಂಟು. ಆದರೂ ರೋಗ ಗೊತ್ತಾಗುವ ವೇಳೆಗೆ ಎಷ್ಟೋ ವರ್ಷಗಳು ಕಳೆದಿರುವುವು. ಅಷ್ಟರೊಳಗೆ ಮಗ್ಗದ ಮುಂದೆ ನಿಂತು ದುಡಿಯುವವಳು, ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವವಳು ಮೈಗಳ್ಳಿಯೆಂಬ ಹೆಸರು ಹೊರುವಳು. ಮಕ್ಕಳಾಗುವುದು ತಡವಾದರೆ ಬಂಜೆಯೆಂಬ ಮಾತನ್ನೂ ಕೇಳುವಳು. “ಮದುವೆಯಾದರೆ, ಒಂದು ಮಗುವಾದರೆ ಸರಿಹೋಗುವುದು” ಎಂಬ ನಂಬಿಕೆಯೂ ತಪ್ಪು. ಗರ್ಭಿಣಿಯಾದಾಗ ಕೆಲವರಿಗೆ ನೋವು ತಗ್ಗಬಹುದು, ರೋಗ ನಿರ್ಮೂಲವಾಗದು.

ತಾಯಂದಿರು ಹೀಗೆ ಮಾಡಲಿ. ನೋವು ಯಾವ ದಿನ ಬಂದಿತು, ಎಷ್ಟಿತ್ತು, ಸ್ರಾವ ಹೆಚ್ಚಾಯಿತೆ, ಮಲಮೂತ್ರ ವಿಸರ್ಜನೆಯಲ್ಲಿಯೋ ಪತಿಸಂಗದಲ್ಲಿಯೋ ನೋವುಂಟೆ ಎಂಬುದನ್ನು ಎರಡು ಮೂರು ತಿಂಗಳು ಬರೆದಿಟ್ಟು, ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವೈದ್ಯರಿಗೆ ತಿಳಿಸಲಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನಲ್ಲಿ ವಾಣಿ ವಿಲಾಸದಂತಹ ಸರ್ಕಾರಿ ಆಸ್ಪತ್ರೆಯುಂಟು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಕೂಡದು.

ಬೇರುಸಹಿತ ಕೀಳುವ ಔಷಧಿ ಇನ್ನೂ ದೊರೆತಿಲ್ಲ. ಆದರೆ ನೋವುನಿವಾರಕಗಳಿಂದಲೂ ಹಾರ್ಮೋನಿನ ಮಾತ್ರೆಗಳಿಂದಲೂ ಬಹುಮಂದಿಗೆ ಉಪಶಮನವಾಗುವುದು. ಅವಶ್ಯವಿದ್ದಲ್ಲಿ ದುರ್ಬೀನಿನ ಶಸ್ತ್ರಚಿಕಿತ್ಸೆಯಿಂದ ಆ ಬೆಳವಣಿಗೆಯನ್ನು ತೆಗೆಯುವರು. ಮರುಕಳಿಸುವ ಸಂಭವವಿರುವುದರಿಂದ ವೈದ್ಯರ ಸಂಪರ್ಕವನ್ನು ಬಿಡಬಾರದು. ಈ ರೋಗವಿದ್ದವರಲ್ಲಿ ಅನೇಕರು ತಾಯಂದಿರಾಗಿದ್ದಾರೆ.

ಮನೆಯಲ್ಲಿ ಬಿಸಿನೀರಿನ ಶಾಖ, ಸಾಕಷ್ಟು ನಿದ್ರೆ, ಮಿತವಾದ ನಡಿಗೆ ಹಿತಕರ. ತಿಂಗಳಿಗೆ ಒಂದು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯದ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ಸಮ್ಮತಿಸಿತು. ಅಡಿಗೆಮನೆಯ ದುಡಿಮೆಗೂ ಅಂತಹದೊಂದು ದಿನದ ಬಿಡುವನ್ನು ಕೊಡುವುದು ಪತಿಗೂ ಅತ್ತೆಗೂ ಸೇರಿದ ಕರ್ತವ್ಯವಲ್ಲವೆ?