ತನ್ನ ಕಾಲಿಗೆ ತಾನೇ ಮಾಲೀಸು

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಆತಿಥೇಯ ಥಾಯ್ಲೆಂಡ್ ತಂಡವನ್ನು 2-1ರಿಂದ ಸೋಲಿಸಿ ಭಾರತದ ವನಿತೆಯರು ಏಷ್ಯನ್ ಕಪ್ ಫುಟ್‌ಬಾಲ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಗೋಲಿನ ಸಡಗರದಲ್ಲಿ ವೇಳಾಪಟ್ಟಿಯತ್ತ ಯಾರ ಗಮನವೂ ಹೋಗಲಿಲ್ಲ. ಜೂನ್ 29, ಜುಲೈ 2, ಜುಲೈ 5: ಒಂದೇ ವಾರದಲ್ಲಿ ಮೂರು ಪಂದ್ಯ.

ಆಟದ ಮೈಕೈ ನೋವು ಮರುದಿನ ಶುರುವಾಗಿ ಎರಡನೇ ದಿನಕ್ಕೆ ಜೋರಾಗುತ್ತದೆ. ಮೂರನೇ ದಿನ ಮತ್ತೆ ಪಂದ್ಯವೆಂದರೆ ಕಾಲುಗಳ ಪಾಡು ಊಹಿಸಿ. ಓಡಿದ ದೂರಕ್ಕಿಂತ ಹೆಚ್ಚು ನೋಯಿಸುವುದು ಗಕ್ಕನೆ ನಿಲ್ಲುವುದು, ದಿಕ್ಕು ಬದಲಿಸುವುದು. ಆಗ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು. ಅದರ ಎಳೆಗಳಿಗೆ ಸಣ್ಣಪುಟ್ಟ ಹಾನಿಯಾಗುತ್ತದೆ. ‘ಲ್ಯಾಕ್ಟಿಕ್ ಆಸಿಡ್ ಕಟ್ಟಿದೆ, ತಿಕ್ಕಿ ತೆಗಿ’ ಎಂಬ ಮೈದಾನದ ಮಾತು ನಂಬಬೇಡಿ. ಆಟ ಮುಗಿದ ಒಂದೆರಡು ಗಂಟೆಯಲ್ಲಿ ದೇಹ ಅದನ್ನು ತಾನೇ ತೀರಿಸಿಕೊಂಡಿರುತ್ತದೆ.

ಗರಡಿಮನೆಯ ಪೈಲ್ವಾನನಿಗೆ ಮಾಲೀಸು ಮಾಡಲು ಜೊತೆಯವರಿರುತ್ತಾರೆ, ದೊಡ್ಡ ಕ್ಲಬ್ಬಿಗೆ ಸಂಬಳದ ಫಿಸಿಯೊ ಇರುತ್ತಾರೆ. ಸಣ್ಣ ಊರಿನ ಹುಡುಗಿಯರ ತಂಡಕ್ಕೆ ಇವೆರಡೂ ಅಪರೂಪ. ಕೋಚ್ ಗಂಡಸಾಗಿದ್ದರೆ, ತೊಡೆಸಂದು ಹಿಡಿದುಕೊಂಡಿದೆ ಎಂದು ಹದಿನಾರರ ಹುಡುಗಿ ಬಾಯಿಬಿಟ್ಟು ಹೇಳುವುದೇ ಕಷ್ಟ. ಮುಟ್ಟಿಸಿಕೊಳ್ಳುವುದಂತೂ ದೂರದ ಮಾತು. ತನ್ನ ಸ್ನಾಯುವನ್ನು ತಾನೇ ಸಡಿಲಿಸಿಕೊಳ್ಳುವ ವಿದ್ಯೆ ಅವಳಿಗೆ ಬೇಕಾಗುವುದು ಮುಖ್ಯವಾಗಿ ಇದಕ್ಕೆ ಎಂದು ನನ್ನ ಎಣಿಕೆ.

ಸಲಕರಣೆ ಒಂದು ಫೋಮ್ ರೋಲರ್, ಅಂದರೆ ಗಟ್ಟಿ ಫೋಮಿನ ಉರುಳೆ. ಇಲ್ಲವೇ, ತೊಡೆಗೆ ಚಪಾತಿ ಲಟ್ಟಣಿಗೆ, ಅಂಗಾಲಿಗೆ ಟೆನಿಸ್ ಚೆಂಡು. ಮೀನಖಂಡಕ್ಕೆ: ನೆಲದಲ್ಲಿ ಕಾಲು ಚಾಚಿ ಕೂತು, ರೋಲರನ್ನು ಮೀನಖಂಡದ ಕೆಳಗಿಟ್ಟು, ಕೈಯೂರಿ ಸೊಂಟ ಎತ್ತಿ ನಿಧಾನವಾಗಿ ಹಿಂದೆ ಮುಂದೆ ಉರುಳಬೇಕು. ತೊಡೆಯ ಮುಂಭಾಗಕ್ಕೆ ಬೋರಲು ಮಲಗಬೇಕು. ತೊಡೆಯ ಒಳಭಾಗಕ್ಕೆ ಬೋರಲಾಗಿಯೇ ಒಂದು ಮಂಡಿಯನ್ನು ಪಕ್ಕಕ್ಕೆ ಮಡಚಿ ಆ ತೊಡೆಯ ಒಳಬದಿಯನ್ನು ರೋಲರಿನ ಮೇಲಿಡಬೇಕು. ಒಂದೊಂದು ಕಡೆಗೆ ಒಂದೆರಡು ನಿಮಿಷ ಸಾಕು. ಉಸಿರು ಕಟ್ಟುವಷ್ಟು ನೋವಾದರೆ ಭಾರ ಇಳಿಸಿ. ತೊಡೆಯ ಹೊರಬದಿಯ ಗಟ್ಟಿ ಪಟ್ಟಿಯ ಮೇಲೆ ಹಲ್ಲುಕಚ್ಚಿ ಉರುಳುವವರು ಬಹಳ. ಅದು ಹೀಗೆಲ್ಲ ಹಿಗ್ಗುವಂಥದ್ದಲ್ಲ.

ಇದರಿಂದ ಆಗುವುದೇನು? ಗಂಟು ಒಡೆಯುತ್ತದೆ ಎನ್ನುವುದಕ್ಕಿಂತ, ನರಮಂಡಲ ನೋವನ್ನು ಕೊಂಚ ಕಡಿಮೆ ಎಣಿಸುತ್ತದೆ ಎನ್ನುವುದೇ ಸರಿಯಾದೀತು. ಒಂದು ಕಾಲಿನ ಮೀನಖಂಡಕ್ಕೆ ಉರುಳಿಸಿದಾಗ ಇನ್ನೊಂದು ಕಾಲಿನ ನೋವೂ ತಗ್ಗಿದ್ದನ್ನು ಸಂಶೋಧಕರು ಕಂಡಿದ್ದಾರೆ. ಲಾಭ ಚಿಕ್ಕದು, ಸುಳ್ಳಲ್ಲ. ನಿದ್ದೆ, ಊಟಗಳ ಜಾಗವನ್ನಂತೂ ಅದು ತುಂಬದು.

ಕೆಲವೆಡೆ ಕೈ ಹಾಕಲೇಬಾರದು. ಎದುರಾಳಿಯ ಮಂಡಿ ಬಡಿದು ಕಂದಿದ ತೊಡೆಯನ್ನು ಮೊದಲ ಕೆಲವು ದಿನ ತಿಕ್ಕಿದರೆ ಒಳಗೆ ರಕ್ತಸ್ರಾವ ಹೆಚ್ಚಬಹುದು, ಮುಂದೆ ಸ್ನಾಯುವಿನೊಳಗೆ ಮೂಳೆ ಬೆಳೆಯುವುದೂ ಉಂಟು. ಓಡುವಾಗ ‘ಪಟ್’ ಎಂದ ಸ್ನಾಯುವಿಗೆ, ಮಂಡಿಯ ಹಿಂದಿನ ಕುಳಿಗೆ ರೋಲರ್ ಬೇಡ. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಯಾರೇ ಆಗಲಿ, ಅದರಲ್ಲೂ ಗರ್ಭನಿರೋಧಕ ಮಾತ್ರೆ ನುಂಗುವವರು, ಇದನ್ನು ಕಡೆಗಣಿಸದೆ ನೇರ ವೈದ್ಯರಲ್ಲಿಗೆ ಹೋಗಬೇಕು.

ಮಂಡಿಯೊಳಗಿನ ಎಸಿಎಲ್ ತಂತು ಹರಿಯುವ ಅಪಾಯ ಆಟಗಾರ್ತಿಯರಿಗೆ ಗಂಡಸರಿಗಿಂತ ಎರಡು-ಮೂರು ಪಟ್ಟು. ಅದನ್ನು ಯಾವ ಮಾಲೀಸೂ ತಡೆಯದು. ಅದಕ್ಕಿರುವುದು ಆಟಕ್ಕೆ ಮೊದಲಿನ ಕಸರತ್ತು. ಫಿಫಾದ ‘11+’ ಎಂಬ 20 ನಿಮಿಷದ ವಾರ್ಮ್‌ಅಪ್ ಅನ್ನು ನಾರ್ವೆಯಲ್ಲಿ 13ರಿಂದ 17 ವಯಸ್ಸಿನ ಆಟಗಾರ್ತಿಯರ ಮೇಲೆಯೇ ಪ್ರಯೋಗಿಸಿ, ತೀವ್ರ ಗಾಯಗಳು ಗಣನೀಯವಾಗಿ ತಗ್ಗಿದ್ದನ್ನು 2008ರಲ್ಲಿ ವರದಿ ಮಾಡಲಾಯಿತು. ಕೋಚ್‌ಗಳೇ, ಅಭ್ಯಾಸದ ಮೊದಲ 20 ನಿಮಿಷ ಅದಕ್ಕೆ ಕೊಡಿ, ಕೊನೆಯ 10 ನಿಮಿಷ ಹುಡುಗಿಯರಿಗೆ ರೋಲರ್ ಕೊಟ್ಟು ನೀವು ಹೊರಗೆ ನಿಲ್ಲಿ.