ಹಳೇ ಕಾರಿನ ಗೇರ್ ಆಯಿಲ್ ಬಸಿದ ಶುಕ್ರವಾರ

ನಿಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಊರಿಗೆ ವಿಡಿಯೋ ಕಾಲ್ ಇರುತ್ತದಲ್ಲವೇ? ದೋಹಾದ ನಮ್ಮ ಮನೆಯಲ್ಲಿ ಅದು ಶುಕ್ರವಾರ ಬೆಳಿಗ್ಗೆ. ಇಲ್ಲಿ ಎಂಟು ಗಂಟೆಯಾದರೆ ಹಾಸನದಲ್ಲಿ ಹತ್ತೂವರೆ, ಅಪ್ಪ ತಿಂಡಿ ಮುಗಿಸಿ ಪೇಪರ್ ಮಡಚಿಟ್ಟು ಕಾಯುತ್ತಿರುತ್ತಾರೆ. "ತಿಂಡಿ ಆಯ್ತಾ ಪುಟ್ಟಿ?" "ಆಯ್ತು ತಾತ." "ಏನ್ ತಿಂಡಿ?" "ದೋಸೆ." "ಸ್ಕೂಲು?" "ಚೆನ್ನಾಗಿದೆ." ಅಷ್ಟು ಹೊತ್ತಿಗೆ ಫೋನು ನನ್ನ ಕೈಗೆ ಬಂದಿರುತ್ತದೆ. ಒಂದು ಸಲ ಸುಮ್ಮನೆ ಗಡಿಯಾರ ನೋಡಿದೆ: ನಲವತ್ತು ಸೆಕೆಂಡು. ಎಂಟು ವರ್ಷದ ಮಗಳಿಗೆ ಕನ್ನಡ ಬರುವುದಿಲ್ಲ ಎಂದಲ್ಲ. ಊಟ, ನಿದ್ದೆ, ಸ್ನಾನ, ಬೈಗುಳ ಎಲ್ಲಕ್ಕೂ ಸಾಕಾಗುವಷ್ಟು ಬರುತ್ತದೆ. ತಾತನ ಜೊತೆ ಆಡಲು ಅವಳಲ್ಲಿ ವಿಷಯ ಇರಲಿಲ್ಲ, ವಿಷಯ ಇದ್ದಾಗ ಅದು ಇಂಗ್ಲಿಷಿನಲ್ಲಿತ್ತು.

ವಿಷಯ ಕೊಟ್ಟದ್ದು ನಮ್ಮ ಕಾರು. 2008ರ ಹೋಂಡಾ ಸಿವಿಕ್, ನಮ್ಮ ಕೈಗೆ ಬರುವಾಗಲೇ ಎರಡು ಮನೆ ನೋಡಿತ್ತು. ಈಗ 2,30,000 ಕಿಲೋಮೀಟರ್ ಓಡಿದೆ. ಕಳೆದ ಬೇಸಿಗೆಯಲ್ಲಿ ಸಲ್ವಾ ರೋಡಿನ ಸಿಗ್ನಲ್‌ಗಳಲ್ಲಿ ಅದು ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಒಮ್ಮೆ ನಡುಗತೊಡಗಿತು. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ಟಿಶ್ಯೂ ಮೇಲೆ ಒಂದು ಹನಿ ಬೀಳಿಸಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಅಂದರೆ ಎಟಿಎಫ್, ಹೊಸದಿದ್ದಾಗ ದಾಳಿಂಬೆ ರಸದಂತೆ ಕೆಂಪಗಿರುತ್ತದೆ. ನಮ್ಮದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಸೀದ ವಾಸನೆ ಮಾತ್ರ ಇರಲಿಲ್ಲ, ಅದೊಂದು ಸಮಾಧಾನ.

ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಮೆಷಿನ್ ಹಾಕಿ ಎಲ್ಲವನ್ನೂ ಒಂದೇ ಸಲ ತೊಳೆದುಬಿಡೋಣ ಎಂದರು. ಪಕ್ಕದ ಇನ್ನೊಂದರಲ್ಲಿ, ಇಷ್ಟು ಓಡಿದ ಗಾಡಿಯ ಎಣ್ಣೆ ಮುಟ್ಟಲೇಬೇಡಿ, ಮುಟ್ಟಿದರೆ ಗೇರ್‌ಬಾಕ್ಸ್ ಹೋಗುತ್ತದೆ ಎಂದರು. ಹಳೇ ಕಾರು ಇಟ್ಟುಕೊಂಡವರೆಲ್ಲ ಈ ಎರಡೂ ಮಾತು ಕೇಳಿರುತ್ತೀರಿ. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ. ಗೇರ್ ಜಾರತೊಡಗಿ, ಎಣ್ಣೆ ಸುಟ್ಟು ವಾಸನೆ ಬಂದ ಮೇಲೆ ಹೊಸ ಎಣ್ಣೆ ಹಾಕಿದರೆ ಸವೆದ ಕ್ಲಚ್ ಮತ್ತೆ ಬೆಳೆಯುವುದಿಲ್ಲ. ಹೇಗೂ ಸಾಯಲಿದ್ದ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ವಾರವೇ ಸತ್ತರೆ ಅಪವಾದ ಎಣ್ಣೆಯ ತಲೆಗೆ ಬರುತ್ತದೆ. ನಮ್ಮ ಕಾರು ಇನ್ನೂ ಆ ಹಂತಕ್ಕೆ ಹೋಗಿರಲಿಲ್ಲ. ಹಾಗಾಗಿ ಮೆಷಿನ್ನಿನ ಒತ್ತಡವೂ ಬೇಡ, ಹಾಗೇ ಬಿಡುವುದೂ ಬೇಡ, ಕೆಳಗಿನ ಬೋಲ್ಟ್ ಬಿಚ್ಚಿ ಬಸಿದಷ್ಟನ್ನು ಬಸಿದು ಅಷ್ಟೇ ಹೊಸದನ್ನು ತುಂಬೋಣ ಎಂದುಕೊಂಡೆ. ಹೋಂಡಾದ ಸಲಹೆಯೂ ಅದೇ: ಬಸಿ, ತುಂಬು, ಓಡಿಸು, ಮತ್ತೆ ಬಸಿ.

ನಾನು ಪಾಲಿಮರ್ ಓದಿದವಳು, ಎಂಜಿನಿಯರ್ ಅಲ್ಲ. ಆದರೆ ಈ ಎಣ್ಣೆ ನನ್ನ ವಿಷಯದ ಹತ್ತಿರವೇ ಇದೆ. ಎಟಿಎಫ್ ತಣ್ಣಗಿದ್ದಾಗ ತೀರಾ ಮಂದವಾಗಬಾರದು, ಬಿಸಿಯಾದಾಗ ತೀರಾ ತೆಳುವಾಗಬಾರದು. ಅದಕ್ಕಾಗಿ ಅದರಲ್ಲಿ ಉದ್ದುದ್ದ ಪಾಲಿಮರ್ ಎಳೆಗಳನ್ನು ಬೆರೆಸಿರುತ್ತಾರೆ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಆ ಎಳೆಗಳು ವರ್ಷಗಟ್ಟಲೆ ತುಂಡಾಗುತ್ತಾ ಹೋಗುತ್ತವೆ, ಶಾವಿಗೆಯನ್ನು ಮತ್ತೆ ಮತ್ತೆ ಕಲಸಿದರೆ ಪುಡಿಯಾಗುವ ಹಾಗೆ. ಕ್ಲಚ್ಚುಗಳು ಮೆತ್ತಗೆ ಹಿಡಿದುಕೊಳ್ಳಲೆಂದು ಬೆರೆಸಿದ ಇನ್ನೊಂದು ಬಗೆಯ ರಾಸಾಯನಿಕವೂ ಖಾಲಿಯಾಗುತ್ತದೆ, ಆಗಲೇ ಆ ನಡುಕ. ಇದೆಲ್ಲದರ ಮೇಲೆ ಶಾಖ. ತಾಪ ಹತ್ತು ಡಿಗ್ರಿ ಏರಿದರೆ ಎಣ್ಣೆ ಹಾಳಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನಾವು ರಸಾಯನಶಾಸ್ತ್ರದವರು ಹಿಡಿಯುವ ಒರಟು ಲೆಕ್ಕ. ಹೊರಗೆ 45 ಡಿಗ್ರಿ, ಟ್ರಾಫಿಕ್ಕಿನಲ್ಲಿ ನಿಂತ ಕಾರು, ಮೇಲೆ ಎಸಿ. ಕಾರು ಕಂಪನಿಯವರು "ಜೀವಮಾನವಿಡೀ ಬದಲಿಸಬೇಕಿಲ್ಲ" ಎಂದು ಬರೆದಿದ್ದರೂ ಆ ಮಾತು ಬರೆದವರು ಜುಲೈ ತಿಂಗಳ ದೋಹಾವನ್ನು ನೋಡಿದ್ದಾರೆಂದು ನನಗನ್ನಿಸುವುದಿಲ್ಲ.

ಎಷ್ಟು ಸಲ ಬಸಿಯಬೇಕು? ಈ ಲೆಕ್ಕವನ್ನು ಮಗಳು ಅಡುಗೆಮನೆಯಲ್ಲಿ ಮಾಡಿದಳು. ನಮ್ಮ ಗೇರ್‌ಬಾಕ್ಸಿನಲ್ಲಿ ಒಟ್ಟು ಸುಮಾರು 5.9 ಲೀಟರ್ ಎಣ್ಣೆ, ಬೋಲ್ಟ್ ಬಿಚ್ಚಿದರೆ ಹೊರಬರುವುದು 2.4 ಲೀಟರ್ ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರ್ ಒಳಗೆ, ಸಂದುಗೊಂದುಗಳಲ್ಲಿ ಕೂತಿರುತ್ತದೆ. ಜಗ್ಗಿನಲ್ಲಿ 590 ಮಿಲಿ ಡಿಕಾಕ್ಷನ್ ಅಳೆದೆವು. 240 ಬಗ್ಗಿಸಿ ತೆಗೆದು 240 ನೀರು ಹಾಕಿದರೆ ಹಳೆಯದರ ಪಾಲು 59 ಶೇಕಡಾ ಉಳಿಯಿತು. ಇನ್ನೊಮ್ಮೆ ಮಾಡಿದರೆ 35, ಮೂರನೆಯ ಸಲಕ್ಕೆ 21. ನಾಲ್ಕನೆಯದೂ ಮಾಡೋಣ ಎಂದು ಹಟ ಹಿಡಿದಳು, ನನ್ನ ಕಾಫಿಗೆ ಡಿಕಾಕ್ಷನ್ ಉಳಿಯಲಿಲ್ಲ. ಮೂರು ಸಲ, ನಡುವೆ ಒಂದೆರಡು ವಾರ ಓಡಾಟ ಎಂದು ತೀರ್ಮಾನವಾಯಿತು.

ಅಲ್ಲೇ ಇನ್ನೊಂದು ಒಪ್ಪಂದವೂ ಆಯಿತು. ಬೋಲ್ಟು, ಗೇರು, ವಾಷರು ಎಲ್ಲ ಹಾಗೇ ಇರಲಿ. ಅವಕ್ಕೆ ಕನ್ನಡ ಹುಡುಕುತ್ತಾ ಕೂತರೆ ಮಗು ಓಡಿಹೋಗುತ್ತದೆ, ನಾನೂ ಓಡಿಹೋಗುತ್ತೇನೆ. ಆದರೆ ಏನು ಮಾಡುತ್ತಿದ್ದೇವೆ, ಏನಾಗುತ್ತಿದೆ ಎನ್ನುವುದು ಕನ್ನಡದಲ್ಲೇ ಇರಬೇಕು. ನಿಮ್ಮ ಮಕ್ಕಳ ಮಾತನ್ನು ಒಂದು ದಿನ ಗಮನಿಸಿ ನೋಡಿ. ಕನ್ನಡ ಮೊದಲು ಸೋರಿಹೋಗುವುದು ಕ್ರಿಯಾಪದಗಳಲ್ಲಿ ಎಂಬುದು ನಾನು ಮನೆಯಲ್ಲಿ ಕಂಡದ್ದು. "ಸ್ಪಿಲ್ ಆಯ್ತು, ಪೋರ್ ಮಾಡು, ಓಪನ್ ಮಾಡು." ಎಲ್ಲದಕ್ಕೂ ಆಯ್ತು, ಮಾಡು ಎಂಬ ಎರಡೇ ಬಾಲ.

ಮೊದಲ ಶುಕ್ರವಾರ ನವೆಂಬರಿನದು. ಬೆಳಗಿನ ಹೊತ್ತು ಹೊರಗೆ ಕೂರಲಾಗುವ ಕಾಲ. ನೀವು ಮಾಡುವುದಾದರೆ ಮೊದಲ ಮಾತು: ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಕೈ, ತಲೆ ಹಾಕಬಾರದು. ಸಮತಟ್ಟಾದ ಜಾಗ, ಗಟ್ಟಿ ಸ್ಟ್ಯಾಂಡುಗಳು, ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ. ಮಗು ಕಾರಿನಿಂದ ಎರಡು ಮಾರು ದೂರ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಎಣ್ಣೆ ಬೆಚ್ಚಗಿದ್ದರೆ ಚೆನ್ನಾಗಿ ಬಸಿಯುತ್ತದೆ, ಆದರೆ ಈಗಷ್ಟೇ ಓಡಿಸಿ ಬಂದ ಕಾರಿನ ಎಣ್ಣೆ ಚರ್ಮ ಸುಡುತ್ತದೆ. ಎರಡನೇ ಮಾತು: ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ಇಲ್ಲದಿದ್ದರೆ ಎಣ್ಣೆಯಿಲ್ಲದ ಕಾರು, ಮುಚ್ಚಿದ ಬಾಯಿ.

ನಮ್ಮದು ಬಿಚ್ಚಿಕೊಳ್ಳಲಿಲ್ಲ. ಪೈಪು, ವೈರುಗಳ ನಡುವೆ ಎಲ್ಲೋ ಇದ್ದ ಅದು ಹದಿನೈದು ವರ್ಷದಿಂದ ಯಾರ ಕೈಯನ್ನೂ ಕಂಡಿರಲಿಲ್ಲವೇನೋ. ಅಷ್ಟರಲ್ಲಿ ಎಂಟು ಗಂಟೆಯಾಗಿ ತಾತನ ಕಾಲ್ ಬಂತು. ನನ್ನ ಕೈ ಜಿಡ್ಡು. ಮಗಳೇ ಫೋನ್ ಹಿಡಿದಳು.

ಅಪ್ಪ ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಸ್ಸಿನ ಗೇರ್‌ಬಾಕ್ಸನ್ನು ಎಷ್ಟು ಸಲ ಇಳಿಸಿ ಏರಿಸಿದ್ದಾರೋ ಲೆಕ್ಕವಿಲ್ಲ, ಆಟೋಮ್ಯಾಟಿಕ್ ಮಾತ್ರ ಮುಟ್ಟಿದವರಲ್ಲ. "ಏನ್ ಮಾಡ್ತಿದಾಳೆ ನಿಮ್ಮಮ್ಮ?" "ಬೋಲ್ಟ್ ಬರ್ತಿಲ್ಲ ತಾತ." "ಬರ್ತಿಲ್ಲ ಅಂದ್ರೆ? ತಿರುಗ್ತಾನೇ ಇದೆಯಾ, ಇಲ್ಲ ಅಲ್ಲಾಡ್ತಾನೇ ಇಲ್ವಾ?" ಮಗಳು ಬಾನೆಟ್ಟಿನೊಳಗೆ ಇಣುಕಿ ನೋಡಿ "ಅಲ್ಲಾಡ್ತಿಲ್ಲ" ಎಂದಳು. "ಅದ್ರ ತಲೆ ಯಾವ ಕಡೆ ನೋಡ್ತಿದೆ? ನಿಮ್ಮಮ್ಮನ ಕಡೆನಾ, ಆಕಾಶದ ಕಡೆನಾ?" ಇದಕ್ಕೆ ಉತ್ತರ ಹೇಳಲು ಅವಳಿಗೆ ಸುಮಾರು ಹೊತ್ತು ಬೇಕಾಯಿತು. ಮೇಲೆ, ಕೆಳಗೆ, ಓರೆ, ಹಿಂದೆ. ತಪ್ಪು ಹೇಳಿದರೆ ನಾನು ತಪ್ಪು ದಿಕ್ಕಿಗೆ ತಿರುಗಿಸುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪ ಎಂದರು, "ಸುತ್ತಿಗೇಲಿ ಮೆಲ್ಲಗೆ ತಟ್ಟೋಕೆ ಹೇಳು. ಬಡೀಬಾರ್ದು, ತಟ್ಟಬೇಕು." ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದಕ್ಕೆ ತಮ್ಮ ತೊಡೆಯ ಮೇಲೆ ತಟ್ಟಿ ತೋರಿಸಿದರು, ಆಮೇಲೆ ಬಡಿದು ತೋರಿಸಿದರು, ಹಿಂದೆಯೇ ಗುದ್ದಿಯೂ ತೋರಿಸಿದರು. ಮಗಳು ನಕ್ಕು ನಕ್ಕು ಫೋನು ಬೀಳಿಸಿದಳು. ತಟ್ಟಿದ ಮೇಲೆ, ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹತ್ತು ನಿಮಿಷ ಕಾದ ಮೇಲೆ, ಬೋಲ್ಟ್ "ಟಕ್" ಎಂದು ಸಡಿಲಾಯಿತು. ಅಪ್ಪ ಮಾತ್ರ "ಲೂಸ್ ಆಯ್ತಾ?" ಎಂದೇ ಕೇಳಿದರು. ನಮ್ಮ ಒಪ್ಪಂದ ಅವರಿಗೆ ಅನ್ವಯಿಸುವುದಿಲ್ಲ.

ಕೆಳಗಿನ ಬೋಲ್ಟ್ ಸುಲಭ. 3/8 ಇಂಚಿನ ರ‍್ಯಾಚೆಟ್ಟಿನ ಚೌಕ ತುದಿಯೇ ನೇರ ಒಳಗೆ ಕೂರುತ್ತದೆ. ಎಣ್ಣೆ ಮೊದಲು ರಭಸದಿಂದ ಸುರಿಯಿತು, ಆಮೇಲೆ ದಾರವಾಗಿ ಇಳಿಯಿತು, ಕೊನೆಗೆ ತೊಟ್ಟಿಕ್ಕತೊಡಗಿತು. ಪ್ರತಿಯೊಂದನ್ನೂ ಮಗಳು ಫೋನಿನಲ್ಲಿ ವರದಿ ಮಾಡುತ್ತಿದ್ದಳು. "ಕೆಂಪಾ?" ಎಂದು ಅಪ್ಪನಿಗೆ ಆಶ್ಚರ್ಯ. "ಪವರ್ ಸ್ಟೀರಿಂಗ್ ಆಯಿಲ್ ಥರಾನಾ? ನಮ್ ಬಸ್ಸಿಗೆ ಹಾಕ್ತಿದ್ದಿದ್ದು ನೈಂಟಿ ಆಯಿಲ್, ಕಾಕಂಬಿ ಇದ್ದಂಗೆ ಇರ್ತಿತ್ತು." ಕಾಕಂಬಿ ಅಂದರೇನು ಎಂಬ ಪ್ರಶ್ನೆ ಬಂತು. ಅಲ್ಲಿಂದ ಮಾತು ಆಲೆಮನೆಗೆ ಹೋಗಿ ಕಾಲು ಗಂಟೆ ವಾಪಸ್ ಬರಲಿಲ್ಲ.

ಆ ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತವಿದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಕೂತಿತ್ತು. ಅದನ್ನು ಒರೆಸಿ ಬಿಸಾಡುವ ಮೊದಲು ಬೆರಳಿನಲ್ಲಿ ಉಜ್ಜಿ ನೋಡಿ. ಕಾಡಿಗೆಯಂತೆ ನುಣ್ಣಗಿದ್ದರೆ ಸಹಜ ಸವೆತ. ಚೂರುಗಳು, ಚಕ್ಕೆಗಳು ಕಂಡರೆ ಒಳಗೆ ಏನೋ ಮುರಿಯುತ್ತಿದೆ, ಆಗ ಮೆಕ್ಯಾನಿಕ್ ಹತ್ತಿರ ಹೋಗಬೇಕು. "ಸವೆಯೋದು ಅಂದ್ರೆ?" ಎಂದಳು. ಅಪ್ಪ ತಮ್ಮ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಕ್ಯಾಮೆರಾಕ್ಕೆ ಹಿಡಿದರು.

ಬಸಿದದ್ದನ್ನು ಅಳೆದೆವು, 2.4 ಲೀಟರಿಗೆ ಚೂರು ಕಡಿಮೆ. ಹೊಸ ವಾಷರ್ ಹಾಕಿ ಬೋಲ್ಟನ್ನು 49 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಅಳತೆಯಷ್ಟೇ ಡಿಡಬ್ಲ್ಯೂ-1 ಎಣ್ಣೆಯನ್ನು ಉದ್ದ ಕೊಳವೆಯ ಲಾಳಿಕೆಯಲ್ಲಿ ಹೊಯ್ದೆವು. ನಮ್ಮ ಕಾರಿಗೆ ಮೊದಲು ಬರುತ್ತಿದ್ದ ಝಡ್-1 ಬದಲಿಗೆ ಹೋಂಡಾ ಈಗ ಕೊಡುವುದು ಇದನ್ನೇ. ಆಮೇಲೆ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ, ನಿಲ್ಲಿಸಿ, ಒಂದರಿಂದ ಒಂದೂವರೆ ನಿಮಿಷದೊಳಗೆ ಡಿಪ್‌ಸ್ಟಿಕ್ ನೋಡಬೇಕು. ಇದು ಹೋಂಡಾ ಕ್ರಮ. ನಿಮ್ಮ ಕಾರಿನದು ಬೇರೆಯಿರಬಹುದು. ಹಲವು ಟೊಯೋಟಾಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಎಣ್ಣೆಯ ತಾಪ 40 ಡಿಗ್ರಿಯ ಆಸುಪಾಸು ಇರುವಾಗ ಒಂದು ರಂಧ್ರದಿಂದ ಹೆಚ್ಚಿನದು ಜಿನುಗಿ ಹೋಗುವವರೆಗೆ ಕಾಯಬೇಕು. ನಮ್ಮ ಬೇಸಿಗೆಯಲ್ಲಿ ಸುಮ್ಮನೆ ನಿಂತ ಕಾರೇ ಅಷ್ಟು ಕಾದಿರುತ್ತದೆ, ಆದ್ದರಿಂದ ಚಳಿಗಾಲದ ಕೆಲಸ ಅದು. ನಿಸಾನಿನ ಅನೇಕ ಕಾರುಗಳಲ್ಲಿ ಇರುವುದು ಸಿವಿಟಿ. ಅದರ ಎಣ್ಣೆಯೇ ಬೇರೆ, ಎಟಿಎಫ್ ಹಾಕಿದರೆ ಗೇರ್‌ಬಾಕ್ಸ್ ಕಳೆದುಕೊಳ್ಳುತ್ತೀರಿ. ಕಾರಿನ ಪುಸ್ತಕ ನೋಡದೆ ಡಬ್ಬಿ ಕೊಳ್ಳಬೇಡಿ.

ಕಾಗದದ ಕೊಳವೆ ಮಾಡಿ ಹಳೆ ಎಣ್ಣೆಯನ್ನು ನೀರಿನ ಕ್ಯಾನಿಗೆ ತುಂಬಿಸುವಾಗ ಮಗಳು ಕೇಳಿದಳು, ಇದನ್ನು ಯಾವುದರಿಂದ ಮಾಡುತ್ತಾರೆ? ಈಗ ಪೆಟ್ರೋಲಿಯಂನಿಂದ. 1970ರ ದಶಕದ ಆರಂಭದವರೆಗೆ ಅಮೆರಿಕದ ಎಟಿಎಫ್‌ಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು, ಆ ಎಣ್ಣೆಯನ್ನು ನಿಷೇಧಿಸಿದ ಮೇಲೆ ರಸಾಯನಶಾಸ್ತ್ರದವರು ಬದಲಿ ಹುಡುಕಬೇಕಾಯಿತು. ಅವಳಿಗೆ ಇದು ಸಹಿಸಲಾಗಲಿಲ್ಲ. ಕತಾರಿನ ಅಲ್ ಶಾಹೀನ್ ತೈಲಕ್ಷೇತ್ರದ ಸಮುದ್ರದಲ್ಲಿ ಬೇಸಿಗೆಗೆ ಗುಂಪುಗೂಡುವ ವೇಲ್ ಶಾರ್ಕ್‌ಗಳ ಬಗ್ಗೆ ಸ್ಕೂಲಿನಲ್ಲಿ ಕೇಳಿದ್ದಳು. ಅವು ಮೀನು, ತಿಮಿಂಗಿಲವಲ್ಲ ಎಂದರೂ ಕೋಪ ಇಳಿಯಲಿಲ್ಲ. ಆ ಸಿಟ್ಟನ್ನು ಮುಂದಿನ ವಾರ ತಾತನಿಗೆ ಹೇಳಿದಳು, "ತಿಮಿಂಗಿಲ" ಎಂಬ ಪದ ನನ್ನಿಂದ ಎರಡು ಸಲ ಕೇಳಿಕೊಂಡು.

ಹಳೆ ಎಣ್ಣೆಯನ್ನು ಮರಳಿಗೋ ಚರಂಡಿಗೋ ಚೆಲ್ಲಬೇಡಿ. ನಾನು ಕ್ಯಾನ್ ಮುಚ್ಚಿ, ಎಣ್ಣೆ ಡ್ರಮ್ ಇಟ್ಟುಕೊಂಡಿರುವ ಗ್ಯಾರೇಜಿಗೆ ಕೇಳಿ ಕೊಟ್ಟು ಬಂದೆ. ಶುಕ್ರವಾರ ಬೆಳಿಗ್ಗೆ ಗ್ಯಾರೇಜುಗಳು ಮುಚ್ಚಿರುತ್ತವೆ, ಶನಿವಾರ ಹೋಗಿ.

ಎರಡನೇ ಸಲ ಬಸಿದಾಗ ಎಣ್ಣೆ ತೆಳು ಚಹಾದ ಬಣ್ಣಕ್ಕೆ ಬಂದಿತ್ತು. ನಡುಕ ಮುಕ್ಕಾಲು ಪಾಲು ಹೋಗಿದೆ, ಪೂರ್ತಿ ಹೋಗಿಲ್ಲ, ಹೋಗದೆಯೂ ಇರಬಹುದು. ಮಗಳ ಕನ್ನಡವೂ ಇದ್ದಕ್ಕಿದ್ದಂತೆ ಬೇರೆಯಾಗಿಲ್ಲ. ಸ್ಕೂಲಿನಿಂದ ಬಂದ ಕೂಡಲೇ ಇಂಗ್ಲಿಷೇ. ಶುಕ್ರವಾರದ ಕಾಲ್ ಮಾತ್ರ ಈಗ ನನ್ನ ಕೈಗೆ ಬೇಗ ಬರುವುದಿಲ್ಲ. ಮೂರನೇ ಸಲ ಬಸಿಯುವುದು ಮುಂದಿನ ವಾರಕ್ಕಿದೆ, ಅಯಸ್ಕಾಂತದ ಫೋಟೋ ಕಳಿಸಬೇಕೆಂದು ಅಪ್ಪ ಈಗಾಗಲೇ ಹೇಳಿಟ್ಟಿದ್ದಾರೆ. ಮೊನ್ನೆ ಅವಳು ಅವರನ್ನೇ ಕೇಳಿದಳು, "ತಾತ, ನಿಮ್ ಸ್ಕೂಟರಿಗೂ ಗೇರ್ ಆಯಿಲ್ ಇದೆಯಲ್ವಾ? ಯಾವಾಗ ಬಸಿದ್ರಿ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮಮ್ಮಂಗೆ ಫೋನ್ ಕೊಡು" ಎಂದರು.