ಧೀರನಲ್ಲದ ನಾಯಕ

ನಮ್ಮ ಅಲಂಕಾರಶಾಸ್ತ್ರವು ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ: ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ. ನಾಲ್ಕು ಹೆಸರುಗಳಲ್ಲಿಯೂ ‘ಧೀರ’ ಎಂಬ ಪದವು ತಪ್ಪದೆ ಬಂದಿರುವುದನ್ನು ವಾಚಕರು ಗಮನಿಸಬೇಕು. ಉದಾತ್ತನಾಗಲಿ ಉದ್ಧತನಾಗಲಿ, ನಾಯಕನೆನಿಸಿಕೊಂಡವನಿಗೆ ಧೈರ್ಯವೊಂದು ಇರಲೇಬೇಕು. ಕನ್ನಡದ ಕವಿಗಳು ಸೋತವರನ್ನು ಕಡೆಗಣಿಸಿದವರಲ್ಲ; ಪಂಪನ ಕರ್ಣ, ರನ್ನನ ದುರ್ಯೋಧನ, ಇವರು ಸೋಲಿನಲ್ಲಿಯೇ ಬೆಳೆದು ನಿಂತವರು. ಆದರೆ ಅವರೂ ಧೀರರೇ. ಧೈರ್ಯವೇ ಇಲ್ಲದ, ತನ್ನ ಸಣ್ಣತನವನ್ನು ತಾನೇ ಅರಿತು ಒಳಗೊಳಗೇ ನಾಚುವ ಮನುಷ್ಯನಿಗೆ ಹಳೆಯ ಶಾಸ್ತ್ರದಲ್ಲಿ ಪೀಠವಿಲ್ಲ. ಅಂಥವನನ್ನು ಕಥೆಯ ನಡುವೆ ತಂದು ನಿಲ್ಲಿಸಿದ್ದು ಹೊಸಗಾಲದ ಸಾಹಿತ್ಯ. ಅವನಿಗೆ ಒಂದು ಮುಖವನ್ನೂ ಒಂದು ದನಿಯನ್ನೂ ಕೊಟ್ಟ ನಟರಲ್ಲಿ ಅನಂತನಾಗ್ ಅವರು ಮುಖ್ಯರು. 1973ರ ‘ಸಂಕಲ್ಪ’ದಿಂದ ಮೊದಲಾದ ಅವರ ಚಿತ್ರಜೀವನವು ಅರ್ಧ ಶತಮಾನವನ್ನು ದಾಟಿದೆ, 2025ರಲ್ಲಿ ಪದ್ಮಭೂಷಣ ಗೌರವವೂ ಅವರನ್ನರಸಿ ಬಂದಿತು. ಇಷ್ಟು ದೀರ್ಘವಾದ ಕಲಾಜೀವನವನ್ನು ಹಿಡಿದು ನಿಲ್ಲಿಸಿರುವ ಸತ್ತ್ವ ಯಾವುದು?

1948ರಲ್ಲಿ ಜನಿಸಿದ ಅನಂತನಾಗ್ ಅವರ ಮನೆಮಾತು ಕೊಂಕಣಿ. ಬಾಲ್ಯದ ಕೆಲಕಾಲ ಕಾಞಂಗಾಡಿನ ಆನಂದಾಶ್ರಮ, ಶಿರಾಲಿಯ ಚಿತ್ರಾಪುರ ಮಠಗಳ ನೆರಳಿನಲ್ಲಿ ಕಳೆಯಿತು. ಮುಂದೆ ಮುಂಬಯಿಗೆ ಹೋಗಿ ಕೊಂಕಣಿ, ಕನ್ನಡ, ಮರಾಠಿ ರಂಗಭೂಮಿಗಳಲ್ಲಿ ಪಳಗಿದರು. ಒಂದೇ ಭಾಷೆಯ ಲಯಕ್ಕೆ ಕಟ್ಟುಬೀಳದ ನಾಲಗೆ ಅವರಿಗೆ ಅಲ್ಲಿಯೇ ಕೈವಶವಾಗಿರಬೇಕು. ಅದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮಾತ್ರ ನಮ್ಮ ನೆರೆಹೊರೆಯ ಮಾತಿನಲ್ಲಿ.

ಶ್ಯಾಮ್ ಬೆನೆಗಲ್ ಅವರು 1974ರಲ್ಲಿ ತೆರೆಗೆ ತಂದ ‘ಅಂಕುರ್’ ಚಿತ್ರದ ಕಥೆ ನಡೆಯುವುದು ತೆಲಂಗಾಣದ ಒಂದು ಹಳ್ಳಿಯಲ್ಲಿ. ಅದರ ಮಾತು ದಖನಿ. ವಾಡಿಯ ರೈಲು ನಿಲ್ದಾಣದಲ್ಲಿ, ಶಹಾಬಾದಿನ ಕಲ್ಲುಗಣಿಗಳ ಬಳಿ, ಚಿತ್ತಾಪುರದ ಸಂತೆಯಲ್ಲಿ ಕನ್ನಡದ ಮಗ್ಗುಲಲ್ಲಿಯೇ ಕೇಳಿಬರುವ ಮಾತು ಅದು. ಸೇಡಂ, ಚಿಂಚೋಳಿಗಳಿಂದ ಮೂಡಣಕ್ಕೆ ನಡೆದು ಎಲ್ಲೆ ದಾಟಿದರೆ ಆ ಚಿತ್ರದ ನೆಲ. 1948ರವರೆಗೆ ಈ ಕಡೆಗೂ ಆ ಕಡೆಗೂ ನಿಜಾಮನದೊಂದೇ ಆಳಿಕೆ. ಜಮೀನುದಾರನ ಗತ್ತು, ಆಳುಮಗನ ಬಾಗಿದ ಬೆನ್ನು ಎರಡು ಕಡೆಗೂ ಪರಿಚಿತ. ಆದುದರಿಂದ ‘ಅಂಕುರ್’ ನಮಗೆ ಪರನಾಡಿನ ಕಥೆಯಲ್ಲ.

ಅಲ್ಲಿ ಅನಂತನಾಗ್ ಅವರದು ಸೂರ್ಯನೆಂಬ ಜಮೀನುದಾರನ ಮಗನ ಪಾತ್ರ. ಓದು ಮುಂದುವರಿಸುವ ಆಸೆಯುಳ್ಳ ಯುವಕನನ್ನು ತಂದೆ ಹೊಲ ನೋಡಿಕೊಳ್ಳಲು ಹಳ್ಳಿಗೆ ಅಟ್ಟುತ್ತಾನೆ. ತಂದೆ ಇಟ್ಟುಕೊಂಡ ಹೆಣ್ಣನ್ನು ಕಂಡು ಮಗನಿಗೆ ಅಸಹ್ಯ. ಆದರೆ ಅವನೂ ಮನೆಗೆಲಸದ ಲಕ್ಷ್ಮಿಯನ್ನು ಕೂಡುತ್ತಾನೆ. ಆಕೆ ಗರ್ಭಿಣಿಯಾದಾಗ ಕೈಬಿಡುತ್ತಾನೆ. ಕೊನೆಗೆ, ಮಾತೂ ಕಿವಿಯೂ ಇಲ್ಲದ ಆಕೆಯ ಗಂಡ ಕಿಷ್ಟಯ್ಯನು ಕೆಲಸ ಬೇಡಲು ಬರುತ್ತಿರುವಾಗ, ಸೇಡಿಗೆ ಬಂದನೆಂದು ಬೆದರಿ ಅವನನ್ನು ಚಾವಟಿಯಿಂದ ಥಳಿಸುತ್ತಾನೆ. ಲಕ್ಷ್ಮಿ ಶಪಿಸುತ್ತಾಳೆ. ಸೂರ್ಯ ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಡುಗುತ್ತಾನೆ.

ಆ ಬಾಗಿಲ ಮರೆಯ ಮುಖವನ್ನು ನಟನಾಕಾಂಕ್ಷಿಗಳಾದ ವಿದ್ಯಾರ್ಥಿಗಳು ಮತ್ತೆ ಮತ್ತೆ ನೋಡಬೇಕು. ಹೊಸ ನಟನೊಬ್ಬನಿಗೆ ಅಲ್ಲಿ ಎರಡು ಸುಲಭದ ದಾರಿಗಳಿದ್ದವು. ಒಂದು, ಸೂರ್ಯನನ್ನು ಕಟುಕನನ್ನಾಗಿ ಮಾಡುವುದು. ಇನ್ನೊಂದು, ಕಣ್ಣೀರು ಸುರಿಸಿ ಪ್ರೇಕ್ಷಕರ ಕರುಣೆಯನ್ನು ಯಾಚಿಸುವುದು. ಅನಂತನಾಗ್ ಎರಡನ್ನೂ ಒಲ್ಲದೆ, ಹೇಡಿಯನ್ನು ಹೇಡಿಯಾಗಿಯೇ ನಿಲ್ಲಿಸಿದರು. ಆ ಚಿತ್ರಕ್ಕಾಗಿ ಶಬಾನಾ ಆಜ್ಮಿ, ಸಾಧು ಮೆಹರ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದಿತು, ಅದು ಯೋಗ್ಯವೇ. ಆದರೆ ನೊಂದವರ ನೋವು ನಮ್ಮನ್ನು ಮುಟ್ಟಬೇಕಾದರೆ ನೋಯಿಸಿದವನೂ ನಮ್ಮಂತೆಯೇ ಮನುಷ್ಯನಾಗಿ ಕಾಣಬೇಕು. ಆ ಹೊಣೆಯನ್ನು ಹೊತ್ತವನಿಗೆ ಚಪ್ಪಾಳೆ ಕಡಿಮೆಯೇ ಸರಿ.

ಮರುವರ್ಷವೇ ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ ಅವರು ಇದಕ್ಕೆ ತೀರ ಎದುರಾದ ಪಾತ್ರವನ್ನು ತಾಳಿದರು. ತ. ರಾ. ಸು. ಕಾದಂಬರಿಯ ಭೈರವಿ ವೆಂಕಟಸುಬ್ಬಯ್ಯ ಗರ್ವಿ, ಸಾಧಕ, ಕೊನೆಗೆ ಅರಸನ ಅಪ್ಪಣೆಗೆ ಹಾಡಲಾರೆನೆಂದು ನಾಲಗೆಯನ್ನೇ ಕತ್ತರಿಸಿಕೊಂಡವನು. ಧೀರನನ್ನು ಆಡಿ ತೋರಿಸಲು ಬಾರದೆ ದುರ್ಬಲರನ್ನು ಆರಿಸಿಕೊಂಡ ನಟರಲ್ಲ ಇವರು ಎಂಬುದಕ್ಕೆ ಆ ಚಿತ್ರವೊಂದೇ ಸಾಕ್ಷಿ. ಎಂ. ಎಸ್. ಸತ್ಯು ಅವರ ‘ಬರ’ದಲ್ಲಿ ಅವರು ಜಿಲ್ಲಾಧಿಕಾರಿ. ಅನಂತಮೂರ್ತಿಯವರ ಕಥೆಯಿಂದ ಹುಟ್ಟಿದ ಈ ಅಧಿಕಾರಿ ಪ್ರಾಮಾಣಿಕ. ಆದರೆ ರಾಜಕೀಯದ ಬಲೆಯೊಳಗೆ ಪ್ರಾಮಾಣಿಕತೆಯೂ ಕೈಕಟ್ಟಿ ನಿಲ್ಲುತ್ತದೆ. ಮುಂಗಾರು ತಪ್ಪಿದ ವರ್ಷಗಳನ್ನು ಕಂಡುಂಡ ನಮ್ಮ ಕಡೆಯ ಪ್ರೇಕ್ಷಕನಿಗೆ ಆ ಅಸಹಾಯತೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ನಟ ಜನಪ್ರಿಯ ಚಿತ್ರಗಳಲ್ಲಿ ತನ್ನ ಶಕ್ತಿಯನ್ನು ಪೋಲು ಮಾಡಿದನೆಂದು ಆಕ್ಷೇಪಿಸುವವರುಂಟು. 1979ರ ‘ನಾ ನಿನ್ನ ಬಿಡಲಾರೆ’ ದೆವ್ವದ ಕಥೆ. ‘ಗಣೇಶನ ಮದುವೆ’, ‘ಗೌರಿ ಗಣೇಶ’ ನಗೆಯ ಚಿತ್ರಗಳು. ಆದರೆ ಈ ಆಕ್ಷೇಪ ಮೇಲುನೋಟದ್ದು. ದೆವ್ವಕ್ಕೆ ಅಂಜುವ ಗಂಡ, ಸುಳ್ಳು ಹೇಳಿ ಸಿಕ್ಕಿಬೀಳುವ ಜಾಣ, ಇವರೂ ಸೂರ್ಯನ ದೂರದ ನೆಂಟರೇ. ಅಲ್ಲಿ ಭಯವನ್ನು ಹುಟ್ಟಿಸಿದ ಅಳುಕು ಇಲ್ಲಿ ನಗೆಯನ್ನು ಹುಟ್ಟಿಸುತ್ತದೆ. ನಡುವೆ ರಾಜಕೀಯಕ್ಕೂ ಹೋಗಿ, 1994ರಲ್ಲಿ ಮಲ್ಲೇಶ್ವರದಿಂದ ವಿಧಾನಸಭೆಗೆ ಆರಿಸಿ ಬಂದು ಸಚಿವರೂ ಆದರು. ಆದರೂ ಜನ ಅವರನ್ನು ನೆನೆಯುವುದು ನಟರೆಂದೇ.

ಇನ್ನು ಕಿರುತೆರೆಯ ಮಾತು. ದೂರದರ್ಶನದ ವಿಷಯದಲ್ಲಿ ನಮ್ಮ ಜಿಲ್ಲೆ ರಾಜಧಾನಿಗಿಂತ ಮುಂದಿತ್ತೆಂಬುದು ಇಂದಿನ ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು. 1975-76ರ ಉಪಗ್ರಹ ಪ್ರಯೋಗದಲ್ಲಿ ಗುಲ್ಬರ್ಗಾ ಸೀಮೆಯ ಹಳ್ಳಿಗಳು ಸೇರಿದ್ದವು. 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರ ಬಂದಿತು. ಬೆಂಗಳೂರಿಗೆ ಆ ಭಾಗ್ಯ 1981ರಲ್ಲಿ. ಮುಂದೆ, ತಮ್ಮ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಮಾಲೆಯಲ್ಲಿ ಅನಂತನಾಗ್ ಮಿಠಾಯಿ ಮಾರುವ ಜಗನ್ ಆಗಿ ಬಂದರು. ಗಾಂಧೀವಾದಿ ತಂದೆ, ಅಮೆರಿಕೆಯಿಂದ ಕಥೆ ಬರೆಯುವ ಯಂತ್ರದ ಕನಸು ಹೊತ್ತು ಬಂದ ಮಗ. ಮಗನನ್ನು ಗದರಿಸಲಾರ, ಒಪ್ಪಲಾರ. ನಾಲ್ವತ್ತು ತುಂಬದ ನಟ ಮುದುಕನಾಗಿ ತೋರಿದ್ದು ಬಣ್ಣದಿಂದಲ್ಲ, ಆ ಹಿಂಜರಿಕೆಯಿಂದ. ಕಿರುತೆರೆಯಲ್ಲಿ ನಟನ ಮುಖ ಬೆಟ್ಟದಷ್ಟು ಬೆಳೆಯುವುದಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತವರ ಮುಖದಷ್ಟೇ ಇರುತ್ತದೆ. ಅಲ್ಲಿ ಅಬ್ಬರ ಸಲ್ಲದು. ಇವರ ಮಿತವಾದ ಅಭಿನಯಕ್ಕೆ ಅದು ಹೇಳಿ ಮಾಡಿಸಿದ ತಾಣ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡರು. ಅಣ್ಣ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದರು, ನಟನೆಯನ್ನೂ ಬಿಡಲಿಲ್ಲ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ವೆಂಕೋಬರಾವ್, ಮರೆವಿನ ರೋಗಕ್ಕೆ ತುತ್ತಾಗಿ ಬೀದಿಯಲ್ಲಿ ಕಳೆದುಹೋದ ತಂದೆ. ಸೂರ್ಯನು ತನ್ನ ತಪ್ಪನ್ನು ಮರೆಯಲಾರದೆ ನಡುಗಿದ. ಈತ ತನ್ನ ಹೆಸರನ್ನೂ ಹಿಡಿದಿಟ್ಟುಕೊಳ್ಳಲಾರ. ನಾಲ್ವತ್ತೆರಡು ವರ್ಷಗಳ ಅಂತರದ ಈ ಎರಡು ಪಾತ್ರಗಳಲ್ಲಿಯೂ ನಟನು ನಮ್ಮ ಕರುಣೆಗಾಗಿ ಕೈಯೊಡ್ಡುವುದಿಲ್ಲ. ಆದುದರಿಂದಲೇ ಅದು ತಾನಾಗಿ ಉಕ್ಕುತ್ತದೆ.

ಬಲಶಾಲಿಯಾಗಿ ಮೆರೆಯಲು ಯಾವ ನಟನಿಗೂ ಆಸೆಯುಂಟು. ದುರ್ಬಲನಾಗಿ, ಯಾವ ನೆಪವನ್ನೂ ಹೇಳದೆ, ಲೋಕದ ಕಣ್ಣೆದುರು ನಿಲ್ಲುವುದಕ್ಕೆ ಬೇರೊಂದು ಎದೆ ಬೇಕು. ಕಾಗಿಣಾ ದಂಡೆಯ ಮಾನ್ಯಖೇಟದಲ್ಲಿ ‘ಕವಿರಾಜಮಾರ್ಗ’ ಮೂಡಿದ ಈ ನಾಡಿನಲ್ಲಿ, ಲಕ್ಷಣಗ್ರಂಥಗಳನ್ನು ಪಾಠ ಹೇಳುವವರು ಆ ನಾಲ್ಕು ನಾಯಕರ ಜೊತೆಗೆ ಐದನೆಯವನೊಬ್ಬನನ್ನು ಸೇರಿಸಿಕೊಂಡರೆ ತಪ್ಪಾಗದು. ಅವನು ಧೀರನಲ್ಲ. ಆದರೆ ಅವನನ್ನು ಆಡಿ ತೋರಿಸಿದವನು ಧೀರ.